ಮೂವತ್ತೆಂಟು ಇಂಚಿನ ಕಟ್ಟೆ

ಅಳತೆ ಟೇಪು ಹಿಡಿದ ಏಕನಾಥ ಮೇಸ್ತ್ರಿ ಅಡುಗೆಮನೆಯ ನಡುವೆ ನಿಂತು, ಈ ಮನೆಯಲ್ಲಿ ಅಡುಗೆ ಮಾಡುವವರು ಯಾರೋ ಅವರು ಬಂದು ಇಲ್ಲಿ ನಿಲ್ಲಬೇಕು ಎಂದಾಗ ಹೊಳಬಸಪ್ಪ ಹೊರಗಿನ ಕೋಣೆಯಲ್ಲಿ ಪೇಪರಿನ ಹಿಂದೆ ಕೂತಿದ್ದ. ಅವನು ಏಳಲಿಲ್ಲ. ಎದ್ದವಳು ಅವನ ಹೆಂಡತಿ ತ್ರಿವೇಣಿ.

"ಕಾಕೂ, ಇಥೆ ಉಭ್ಯಾ ರಾಹಾ" ಎಂದು ಮೇಸ್ತ್ರಿ ಮರಾಠಿಯಲ್ಲಿ ಹೇಳಿ ಅವಳನ್ನು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿದ. ಮೊಣಕೈ ಮಡಚಲು ಹೇಳಿದ. ನೆಲದಿಂದ ಮೊಣಕೈಯವರೆಗೆ ಮೂವತ್ತೇಳು ಇಂಚು ಬಂತು. ಅದರಲ್ಲಿ ಐದು ಕಳೆದ. ಅವನ ಕಸುಬಿನ ಲೆಕ್ಕ ಅದು: ಅಡುಗೆ ಮಾಡುವವರ ಮೊಣಕೈಗಿಂತ ಐದಿಂಚು ಕೆಳಗೆ ಕಟ್ಟೆ ಬರಬೇಕು, ಆಗ ಬೆನ್ನು ಬಾಗುವುದಿಲ್ಲ, ಹೆಗಲು ಹಿಡಿಯುವುದಿಲ್ಲ. ಹೊರಗೆ ಕೂತವರಿಗೂ ಕೇಳುವ ಹಾಗೆ "ಬತ್ತೀಸ" ಎಂದು ಹೇಳಿ ಚೀಟಿಯಲ್ಲಿ ಬರೆದುಕೊಂಡ.

ಮೂವತ್ತೆರಡು. ಆ ಅಂಕಿ ಕಿವಿಗೆ ಬಿದ್ದದ್ದೇ ತಡ, ಹೊಳಬಸಪ್ಪನ ಮೈಯೆಲ್ಲ ಉರಿಯಿತು. ಓದುತ್ತಿದ್ದ ಸುದ್ದಿ ಏನೆಂಬುದೇ ಮರೆತುಹೋಯಿತು. ಅವನ ಎತ್ತರ ಆರಡಿಗೆ ಒಂದಿಂಚು ಕಡಿಮೆ, ತ್ರಿವೇಣಿಯದು ಐದಡಿಯೂ ಇಲ್ಲ. ಆ ಮನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಮೂವತ್ತಿಂಚಿನ ಹಳೆಯ ಕಟ್ಟೆಯ ಮುಂದೆ ಬಗ್ಗಿ ನಿಂತು ದಿನಕ್ಕೆರಡು ಹೊತ್ತು ಅಡುಗೆ ಮಾಡುತ್ತ ಬಂದವನು ಅವನು. ತ್ರಿವೇಣಿಗೆ ಚಹಾ ಕಾಸಲು ಬರುತ್ತಿತ್ತು, ಅನ್ನಕ್ಕೆ ಇಡಲು ಬರುತ್ತಿತ್ತು, ಅಲ್ಲಿಗೆ ಮುಗಿಯಿತು.

ಎದ್ದು ಹೋಗಿ ನಾನು ಎಂದು ಹೇಳುವುದಕ್ಕೆ ಅವನಿಗೇನು ಧಾಡಿಯಾಗಿತ್ತು ಎಂದು ಯಾರಾದರೂ ಕೇಳಿಯಾರು. ಅವನೂ ತನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದ. ಎದುರಿನ ದಿವಾನದ ಮೇಲೆ ಅವನ ಅಕ್ಕ ಶಿವಗಂಗವ್ವ ಕಾಲು ಚಾಚಿಕೊಂಡು ಕೂತಿದ್ದಳು. ಮೊಣಕಾಲಿನ ಚಿಕಿತ್ಸೆಗೆಂದು ನವಲಗುಂದದಿಂದ ಬಂದು ಹದಿನೈದು ದಿನವಾಗಿತ್ತು, ಇನ್ನೂ ಒಂದು ತಿಂಗಳು ಇರುವವಳಿದ್ದಳು. ಅವಳು ಅಲ್ಲಿಂದಲೇ ಕೂಗಿ, ಕಟ್ಟೆ ತ್ರಿವೇಣಿಗೆ ಹಿತವಾಗುವಂತೆ ಇರಲಿ, ಆ ಕೈಯಿಂದ ಇನ್ನೂ ಎಷ್ಟೋ ವರ್ಷ ರೊಟ್ಟಿ ತಿನ್ನಬೇಕು ನಾವು ಎಂದಳು. ಮೇಸ್ತ್ರಿಗೆ ಕನ್ನಡ ಬರುವುದಿಲ್ಲ. ಆದರೂ ತಲೆಯಾಡಿಸಿದ.

ಈ ಸುಳ್ಳು ಹುಟ್ಟಿದ್ದು ಹೇಗೆಂದು ಹೇಳಿಬಿಡುತ್ತೇನೆ. ಅದರಲ್ಲಿ ಗುಟ್ಟೇನೂ ಇಲ್ಲ, ಬರೀ ಪುಕ್ಕಲುತನವಿದೆ.

ಮರಾಠಿ ಸೀಮೆಯ ನಗರದಂಚಿನ ವಾಕಡದಲ್ಲಿ ಇನ್ನೂ ಕಬ್ಬಿನ ಹೊಲಗಳಿದ್ದ ಕಾಲದಲ್ಲಿ ಕಟ್ಟಿದ ಮೂರು ಮಹಡಿಯ ಕಟ್ಟಡದಲ್ಲಿ ಅವರ ಮನೆ. ಈಗ ಸುತ್ತ ಎದ್ದಿರುವ ಇಪ್ಪತ್ತು ಮಹಡಿಗಳ ನಡುವೆ ಅದನ್ನು ಹುಡುಕಬೇಕು. ಹೊಳಬಸಪ್ಪ ತಳೇಗಾಂವದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದ. ಬೆಳಗಿನ ಪಾಳಿ ಮುಗಿಸಿ ಕಂಪನಿಯ ಬಸ್ಸಿನಲ್ಲಿ ಮೂರೂವರೆಗೆ ಮನೆಗೆ ಬಂದುಬಿಡುತ್ತಿದ್ದ. ತ್ರಿವೇಣಿ ಅಂಚೆ ಕಚೇರಿಯವಳು. ಇಲಾಖೆಯ ಪರೀಕ್ಷೆ ಬರೆದು, ಆ ಸಲ ಬರೆದವರಲ್ಲೆಲ್ಲ ಮೊದಲನೆಯವಳಾಗಿ ಪಾಸಾಗಿ ನಗರದ ಆಚೆ ತುದಿಯ ಕ್ಯಾಂಪಿನ ಕಚೇರಿಗೆ ಹೋದಳು. ಎರಡು ಬಸ್ಸು ಬದಲಿಸಿ ಅವಳು ಮನೆ ಸೇರುವ ಹೊತ್ತಿಗೆ ಎಂಟು ಗಂಟೆ. ಮಗಳು ರಂಜಿನಿಗೆ ಆಗ ಮೂರು ವರ್ಷ. ಮೊದಲ ವಾರ ಬೇಕರಿಯ ಪಾವ್ ಬ್ರೆಡ್ಡಿನಲ್ಲಿ ಕಳೆಯಿತು. ಎರಡನೆಯ ವಾರ ಮಗು ಪಾವನ್ನು ನೆಲಕ್ಕೆ ಎಸೆಯಿತು. ಆ ಸಂಜೆ ಹೊಳಬಸಪ್ಪ ತೋಳು ಮೇಲೇರಿಸಿ ಒಲೆಯ ಮೇಲೆ ಎಸರಿಟ್ಟ.

ಮೊದಲ ರೊಟ್ಟಿಗಳು ಹರಿದವು, ಸೀದವು, ಹಂಚಿಗೆ ಅಂಟಿದವು. ಮೂರು ತಿಂಗಳಲ್ಲಿ ಕೈ ಕೂಡಿತು. ಅಂಗೈಯಗಲದ ಉಂಡೆ ಅವನ ಏಟಿಗೆ ತಿರುಗುತ್ತ ತಿರುಗುತ್ತ ತಾಟಿನಗಲ ಹರಡುತ್ತಿತ್ತು, ಅಂಚು ಎಲ್ಲೂ ಸೀಳುತ್ತಿರಲಿಲ್ಲ, ಹಂಚಿನ ಮೇಲೆ ಪೂರ್ತಿ ಉಬ್ಬುತ್ತಿತ್ತು. ಎಣ್ಣೆಗಾಯಿ, ಜುಣಕ, ಪುಂಡಿಪಲ್ಯ, ಒಂದೊಂದಾಗಿ ಎಲ್ಲ ಬಂದವು. ಅದು ಅವನಿಗೆ ಇಷ್ಟವೂ ಆಗಿತ್ತು. ಉಗ್ರಾಣದಲ್ಲಿ ದಿನವಿಡೀ ನಟ್ಟು ಬೋಲ್ಟು ಎಣಿಸುವವನಿಗೆ ತನ್ನ ಕೈಯಿಂದ ಒಂದು ವಸ್ತು ಬಿಸಿಯಾಗಿ ಏಳುವುದನ್ನು ನೋಡುವ ಸುಖ ಬೇರೆಯೇ.

ಆ ದೀಪಾವಳಿಗೆ ಊರಿನಿಂದ ಅವನ ತಾಯಿ ಶರಣಮ್ಮ ಬಂದಳು. ಬಂದ ದಿನ ಮಧ್ಯಾಹ್ನ ಓಣಿಯ ಸುದ್ದಿಯೆಲ್ಲ ಹೇಳುತ್ತ, ಪಕ್ಕದ ಮನೆಯ ಸಿದ್ದಾರೂಢ ಹೆಂಡತಿಗಾಗಿ ಒಲೆ ಹಚ್ಚುತ್ತಾನೆಂದೂ, ಓಣಿಯ ಹುಡುಗರು ಅವನನ್ನು ಅಡಿಗಿ ಅವ್ವ ಎಂದು ಕರೆಯುತ್ತಾರೆಂದೂ ಉಪ್ಪುಖಾರ ಹಚ್ಚಿ ವರ್ಣಿಸಿದಳು. ರಾತ್ರಿ ಊಟಕ್ಕೆ ಕೂತಾಗ ಎರಡು ರೊಟ್ಟಿ ತಿಂದು, ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿ, ಇವನ್ನು ಬಡಿದವರು ಯಾರು ಎಂದು ಕೇಳಿದಳು. ಹೊಳಬಸಪ್ಪನ ಬಾಯಿಂದ "ತ್ರಿವೇಣಿ" ಎಂದು ಬಂತು. ಯಾರೂ ಅವನ ಕತ್ತು ಹಿಸುಕಿರಲಿಲ್ಲ. ತ್ರಿವೇಣಿ ಗಂಡನ ಮುಖ ನೋಡಿದಳು, ಮತ್ತೆ ತಾಟು ನೋಡಿದಳು, ಅತ್ತೆಗೆ ಪಲ್ಯ ಬಡಿಸಿದಳು.

ಆ ಒಂದು ಹೆಸರು ಇಪ್ಪತ್ತಾರು ವರ್ಷ ಬಾಳಿತು. ಊರಿನವರು ಬಂದಾಗಲೆಲ್ಲ ಹೊಳಬಸಪ್ಪ ಐದು ಗಂಟೆಗೆ ಎದ್ದು, ಅಡುಗೆಮನೆಯ ಬಾಗಿಲು ಹಾಕಿಕೊಂಡು ರೊಟ್ಟಿ ಬಡಿದು ಅರಿವೆಯಲ್ಲಿ ಸುತ್ತಿಟ್ಟು, ಕೈ ತೊಳೆದು ಹೊರಗೆ ಬಂದು ಪೇಪರು ಹಿಡಿಯುತ್ತಿದ್ದ. ತ್ರಿವೇಣಿ ಸೆರಗು ಸಿಕ್ಕಿಸಿಕೊಂಡು ಬಡಿಸುತ್ತಿದ್ದಳು. ಬಡಿಯುವ ಸದ್ದು ಹೊರಗೆ ಕೇಳಿದರೂ ಅದರಲ್ಲಿ ಗಂಡು ಹೆಣ್ಣು ಎಂದು ಗುರುತಾಗುವುದಿಲ್ಲವಲ್ಲ. ಅಡುಗೆಮನೆಯ ಕಿಟಕಿ ಕಟ್ಟಡದವರೆಲ್ಲರೂ ಓಡಾಡುವ ಪಡಸಾಲೆಗೆ ತೆರೆಯುತ್ತಿತ್ತು. ಅದನ್ನು ಆಗ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಬಣ್ಣದ ಮೇಲೆ ಬಣ್ಣ ಬಳಿದು ಕದ ಚೌಕಟ್ಟಿಗೆ ಕಚ್ಚಿಕೊಂಡಿತು. ಹಂಚಿನ ಹೊಗೆ ಹೋಗಲು ದಾರಿಯಿಲ್ಲದೆ ಗೋಡೆ ಕಪ್ಪಾಯಿತು. ರಂಜಿನಿ ಶಾಲೆಯಲ್ಲಿ ನನ್ನ ತಾಯಿ ಎಂಬ ನಿಬಂಧ ಬರೆದಾಗ ಅದರಲ್ಲಿ ರೊಟ್ಟಿ ಬಡಿಯುವ ತಾಯಿ ಇದ್ದಳು. ಮಾಸ್ತರರು ಅದಕ್ಕೆ ಹತ್ತರಲ್ಲಿ ಒಂಬತ್ತು ಕೊಟ್ಟರು. ಅದನ್ನು ನೋಡಿ ಮನೆಯಲ್ಲಿ ಮೂವರೂ ನಕ್ಕರು. ಈಗ ಆ ಮಗಳು ಇಂದಾಪುರದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅವಳೂ ಇವತ್ತಿನವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ.

ನಗು ನಿಂತದ್ದು ಒಂಬತ್ತು ವರ್ಷದ ಹಿಂದೆ. ಶರಣಮ್ಮ ಕೊನೆಯ ಎರಡು ತಿಂಗಳು ಇದೇ ಮನೆಯಲ್ಲಿದ್ದಳು. ಬೇರೇನೂ ಸೇರುತ್ತಿರಲಿಲ್ಲ, ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟರೆ ಎರಡು ತುತ್ತು ಒಳಗೆ ಹೋಗುತ್ತಿತ್ತು. ಸಾಯುವ ಹಿಂದಿನ ದಿನ ಅವಳು ತ್ರಿವೇಣಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಈ ಕೈ ನನ್ನನ್ನು ಸಾಕಿತು, ಈ ಕೈ ತಣ್ಣಗಿರಲಿ ಎಂದಳು. ತಾಯಿಯನ್ನು ನೋಡಲು ಬಂದಿದ್ದ ಶಿವಗಂಗವ್ವ ಮಂಚದ ಬದಿಗಿದ್ದಳು, ಹೊಳಬಸಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಉಗುರು ಸಂದಿಯಲ್ಲಿ ಆ ಹೊತ್ತಿನ ಜೋಳದ ಹಿಟ್ಟು ಇನ್ನೂ ಇತ್ತು.

ಈಗ ಮತ್ತೆ ಕಟ್ಟೆಯ ಮಾತಿಗೆ ಬರೋಣ. ತ್ರಿವೇಣಿಯೂ ಕಳೆದ ವರ್ಷ ನಿವೃತ್ತಳಾದ ಮೇಲೆ, ಮಸಿ ಹಿಡಿದ ಅಡುಗೆಮನೆಯನ್ನು ಒಡೆದು ಹೊಸದು ಮಾಡಿಸುವುದು ಎಂದು ಗಂಡ ಹೆಂಡತಿ ಸೇರಿಯೇ ನಿಶ್ಚಯಿಸಿದ್ದರು. ಹೊಳಬಸಪ್ಪನಿಗೆ ಅದರಲ್ಲಿ ಬೇಕಾಗಿದ್ದದ್ದು ಒಂದೇ ಒಂದು: ಎತ್ತರದ ಕಟ್ಟೆ. ಅವನ ಬೆನ್ನು ಕೆಟ್ಟುಹೋಗಿತ್ತು. ಆರು ರೊಟ್ಟಿ ಬಡಿದರೆ ಸೊಂಟ ನೆಟ್ಟಗೆ ಮಾಡಲು ಗೋಡೆ ಹಿಡಿಯಬೇಕಾಗುತ್ತಿತ್ತು. ಇನ್ನೆರಡು ವರ್ಷ ಹೀಗೇ ಹೋದರೆ ರೊಟ್ಟಿ ಬಡಿಯುವುದು ನಿಂತೇ ಹೋಗುತ್ತದೆಂದು ಡಾಕ್ಟರು ಹೇಳದಿದ್ದರೂ ಅವನಿಗೆ ಗೊತ್ತಿತ್ತು. ಏಕನಾಥ ಈಗ ಬಿಟ್ಟರೆ ದೀಪಾವಳಿಯವರೆಗೆ ಸಿಗುವವನಲ್ಲ, ಅಕ್ಕನ ಚಿಕಿತ್ಸೆಯೂ ಇದೇ ಹೊತ್ತಿಗೆ ಬಂತು.

ಅಳತೆಯಾದ ಮೇಲಿನ ಎಂಟು ದಿನಗಳಲ್ಲಿ ಹೊಳಬಸಪ್ಪ ಎಲ್ಲರ ಮೇಲೂ ಸಿಡುಕಿದ. ತ್ರಿವೇಣಿ ತಂದ ಟೈಲ್ಸಿನ ಬಣ್ಣ ಆಸ್ಪತ್ರೆಯ ಬಣ್ಣ ಎಂದ. ಚಿಮಣಿ ಬೇಡ, ಡಬ್ಬಿಯಿಡುವ ಡ್ರಾಯರುಗಳು ಬೇಡ, ಏನೂ ಬೇಡ ಎಂದ. ಅಕ್ಕ ಅದನ್ನು ಕೇಳಿ, ಅಡುಗೆಮನೆಯ ಮಾತಿನಲ್ಲಿ ಗಂಡಸರು ಮೂಗು ತೂರಿಸಬಾರದು, ಬೆಂಕಿಯ ಮುಂದೆ ನಿಲ್ಲುವವಳಿಗೆ ಗೊತ್ತು ಅದರ ಕಷ್ಟ ಎಂದು ಬುದ್ಧಿ ಹೇಳಿದಳು. ಹೊಳಬಸಪ್ಪ ಹಲ್ಲು ಕಡಿದುಕೊಂಡು ಕೆಳಗೆ ಹೋಗಿ, ಸಾಮಾನು ನೋಡಲು ಬಂದಿದ್ದ ಮೇಸ್ತ್ರಿಯನ್ನು ಮೆಟ್ಟಿಲ ಬಳಿ ಹಿಡಿದ.

ಕಟ್ಟೆ ಮೂವತ್ತೆಂಟು ಇಂಚು ಮಾಡು ಎಂದು ಅವನು ತನ್ನ ಎತ್ತರದ ಅಂದಾಜಿನ ಮೇಲೆ ಕೇಳಿದ್ದಕ್ಕೆ ಮೇಸ್ತ್ರಿ ನಕ್ಕ. ಕಾಕೂ ಸ್ಟೂಲಿನ ಮೇಲೆ ನಿಂತು ಪಲ್ಯ ತಿರುವಬೇಕೇ ಎಂದ. ಮುಂದೆ ಮನೆ ಮಾರುವಾಗ ಬೆಲೆ ಬರುತ್ತದೆ ಎಂದು ಹೊಳಬಸಪ್ಪ ಏನೋ ಹೊಸೆದ. ಅದೂ ನಡೆಯಲಿಲ್ಲ. ವಾಸ್ತು ಎಂದ. ವಾಸ್ತುವಿನಲ್ಲಿ ಎತ್ತರ ಬರುವುದಿಲ್ಲ, ದಿಕ್ಕು ಬರುತ್ತದೆ ಎಂದು ಮೇಸ್ತ್ರಿಯೇ ತಿಳಿಹೇಳಿದ. ಕಡೆಗೆ ಅವನು ತಮಾಷೆಗೆ, ಯಾಕೆ ಸಾಹೇಬ, ನೀವೇನು ನಿಂತು ರೊಟ್ಟಿ ಬಡಿಯುತ್ತೀರಾ ಎಂದು ಕೇಳಿದ. ಹೌದು ಎನ್ನಲು ಇದಕ್ಕಿಂತ ಸಲೀಸಾದ ಸಂದರ್ಭ ಯಾರಿಗೂ ಸಿಗಲಾರದು. ಹೊಳಬಸಪ್ಪ ಅವನ ಜೊತೆ ತಾನೂ ಹಿಹಿ ಎಂದು ನಕ್ಕು ಮೇಲೆ ಬಂದ. ಆ ನಗುವಿಗಾಗಿ ಅವನು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕಿತ್ತು.

ಹಳೆಯ ಕಟ್ಟೆ ಒಡೆದರು. ಗ್ಯಾಸಿನ ಒಲೆ ಹಿಂದಿನ ಸಣ್ಣ ಕೋಣೆಗೆ ಹೋಯಿತು. ನೋವಿನ ಗುಳಿಗೆ ತಿಂದು ಮಲಗುವ ಅಕ್ಕ ಏಳುವುದು ಏಳು ಗಂಟೆಗೆ. ಅಷ್ಟರೊಳಗೆ ಹೊಳಬಸಪ್ಪ ಅಲ್ಲಿ ಚಿಲಕ ಹಾಕಿಕೊಂಡು, ನೆಲದ ಮೇಲೆ ಕೂತು ರೊಟ್ಟಿ ಮುಗಿಸುತ್ತಿದ್ದ. ಖಾಲಿಯಾದ ಅಡುಗೆಮನೆಯ ಮೂರು ಗೋಡೆಗಳ ಮೇಲೆ ಏಕನಾಥ ಮೂವತ್ತೆರಡು ಇಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದ. ಮರುದಿನದಿಂದ ತನಗೆ ಬೇರೆ ಕಡೆ ಕೆಲಸವಿದೆಯೆಂದೂ, ತನ್ನ ಇಬ್ಬರು ಆಳುಗಳು ಬಂದು ಗೆರೆಯ ಪ್ರಕಾರ ಕಲ್ಲು ಕೂಡಿಸುತ್ತಾರೆಂದೂ ಹೇಳಿ ಹೋದ.

ಆ ಸಂಜೆ ಅಕ್ಕ ಟಿವಿಯ ಧಾರಾವಾಹಿಯಲ್ಲಿ ಮುಳುಗಿದ್ದಾಗ ಗಂಡ ಹೆಂಡತಿ ಹಿಂದಿನ ಕೋಣೆಯಲ್ಲಿ ಜಗಳವಾಡಿದರು. ಅಕ್ಕನಿಗೆ ಕೇಳಬಾರದೆಂದು ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು. ಹೊಳಬಸಪ್ಪ ತಲೆಕೆಟ್ಟು ಏನೇನೋ ಅಂದ. ನನ್ನ ಬೆನ್ನು ಮುರಿದರೂ ನಿನಗೆ ಚಿಂತೆಯಿಲ್ಲ, ಮೊಣಕೈ ಮಡಚು ಎಂದಾಗ ಮದುಮಗಳ ಹಾಗೆ ಹೋಗಿ ನಿಂತೆ, ಪುಕ್ಕಟೆ ಹೊಗಳಿಕೆಯ ರುಚಿ ಹತ್ತಿದೆ ನಿನಗೆ ಎಂದ. ತ್ರಿವೇಣಿ ಕೊನೆಯ ಮಾತಿನವರೆಗೂ ತಡೆದುಕೊಂಡಿದ್ದಳು.

"ರುಚಿ ಅಂತೀರಿ?" ಅಂದಳು. "ಮೂವತ್ತೈದು ವರ್ಷ ಅಂಚಿ ಕಚೇರಿಯೊಳಗ ದುಡದೇನಿ ನಾ. ಪೋಸ್ಟ್ ಮಾಸ್ಟರ್ ಆಗಿ ರಿಟಾಯರ್ ಆದೆ. ನಿಮ್ಮ ಮಂದಿಯೊಳಗ ಒಬ್ಬರರ ಅದನ್ನ ಕೇಳ್ಯಾರೇನು? ತ್ರಿವೇಣಿ ಅಂದ್ರ ರೊಟ್ಟಿ. ಕನ್ನಡ ಸಂಘದಾಗ ಹುಡುಗ್ಯಾರಿಗೆ ರೊಟ್ಟಿ ಕಲಿಸಾಕ ಬರ್ರಿ ಅಂತ ಮೂರು ಸಲ ಕರದ್ರು, ಮೂರು ಸಲ ಜ್ವರ ಅಂತ ಸುಳ್ಳ ಹೇಳೇನಿ. ನಿಮ್ಮ ಅವ್ವ ನನ್ನ ಕೈ ಕಣ್ಣಿಗೆ ಒತ್ಕೊಂಡ ದಿನ ನನಗ ಆ ಕೈ ಕಡಕೋಬೇಕು ಅನಿಸಿತ್ತು. ಸುಳ್ಳ ಹೇಳಿದವರು ನೀವು. ಬಿಚ್ಚಿ ಹೇಳಾವರೂ ನೀವ ಆಗಬೇಕು. ನಾ ಹೇಳಂಗಿಲ್ಲ."

ಅಷ್ಟು ಹೇಳಿ ಹೋಗಿ ಅಕ್ಕನ ಪಕ್ಕ ಕೂತು ಧಾರಾವಾಹಿ ನೋಡಿದಳು. ಹೊಳಬಸಪ್ಪನಿಗೆ ಮೊದಲಿದ್ದ ಸಿಟ್ಟು ಇಮ್ಮಡಿಯಾಯಿತು, ಏಕೆಂದರೆ ಈಗ ಅದನ್ನು ಯಾರ ಮೇಲೆ ತೀರಿಸುವುದೆಂಬುದೇ ಗೊತ್ತಾಗದಾಯಿತು.

ಸಿಟ್ಟಿನಲ್ಲೂ ಅವನಿಗೆ ಬಾಯಿ ಬಿಡುವ ಬುದ್ಧಿ ಬರಲಿಲ್ಲ, ಕಳ್ಳಬುದ್ಧಿ ಬಂತು. ಬೆಳಿಗ್ಗೆ ರೊಟ್ಟಿ ಮುಗಿಸಿ, ಒದ್ದೆ ಅರಿವೆಯಿಂದ ಮೇಸ್ತ್ರಿಯ ಗೆರೆಗಳನ್ನು ಒರೆಸಿ ಹಾಕಿದ. ತಾನೇ ಗೋಡೆಗೆ ಆನಿಸಿ ನಿಂತು, ಮೊಣಕೈ ಮಡಚಿ, ಅಳತೆ ಟೇಪು ಹಿಡಿದು, ಐದು ಕಳೆದ. ಉಗ್ರಾಣದಲ್ಲಿ ಮೂವತ್ತು ವರ್ಷ ಅಳತೆ ನೋಡಿದವನ ಕೈ ಅದು. ಮೂರೂ ಗೋಡೆಗೆ ಮೂವತ್ತೆಂಟಕ್ಕೆ ಹೊಸ ಗೆರೆ ಎಳೆದ. ಎಂಟು ಗಂಟೆಗೆ ಆಳುಗಳು ಬಂದರು, ಗೆರೆ ನೋಡಿದರು, ಕೆಲಸಕ್ಕೆ ಹತ್ತಿದರು. ಎರಡು ದಿನ ಒಳಗೆಲ್ಲ ಸಿಮೆಂಟಿನ ಧೂಳು. ಅಕ್ಕ ಕಾಲು ನೋವಿನವಳು, ತ್ರಿವೇಣಿ ಅವಳನ್ನು ಕರೆದುಕೊಂಡು ಎರಡೂ ದಿನ ಚಿಕಿತ್ಸೆಗೆ ಹೋಗಿ ಬಂದಳು. ಯಾರೂ ಒಳಗೆ ಇಣುಕಲಿಲ್ಲ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕರಿ ಕಲ್ಲು ಕೂತಾಗಿತ್ತು.

ಏಕನಾಥ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಚೀಟಿ ತೆಗೆದು ನೋಡಿದ, ಟೇಪು ಹಿಡಿದು ನೋಡಿದ. ತ್ರಿವೇಣಿಯನ್ನು ಕರೆದು ನಿಲ್ಲಿಸಿದರೆ ಕಲ್ಲು ಅವಳ ಮೊಣಕೈಗಿಂತ ಮೇಲೆ ಬರುತ್ತಿತ್ತು. ಕೋಲು ಊರಿಕೊಂಡು ಬಂದ ಶಿವಗಂಗವ್ವ ಅದನ್ನು ಕಂಡು ಬಾಯಿಗೆ ಬಂದಂತೆ ಬೈಯತೊಡಗಿದಳು. ಕಣ್ಣು ಎಲ್ಲಿಟ್ಟುಕೊಂಡು ಕೆಲಸ ಮಾಡಿದಿರಿ, ಅಷ್ಟು ಚೆಂದದ ರೊಟ್ಟಿ ಬಡಿಯುವ ಹೆಂಗಸು ಇನ್ನು ಏಣಿ ಹತ್ತಬೇಕೇ ಎಂದಳು. ಅದು ಕನ್ನಡದಲ್ಲಿತ್ತು, ಆದರೆ ಬೈಗುಳ ಯಾರಿಗೆ ತಿಳಿಯುವುದಿಲ್ಲ. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಅವನು ತನ್ನ ಆಳುಗಳಲ್ಲಿ ಹಿರಿಯನಾದ ಬಾಳಕೃಷ್ಣನ ಕಡೆ ತಿರುಗಿದ.

ಗೆರೆ ಇದ್ದಲ್ಲೇ ಕೂಡಿಸಿದ್ದೇನೆ ಎಂದ ಬಾಳಕೃಷ್ಣ. ಐವತ್ತರ ಮನುಷ್ಯ, ಹದಿನೈದು ವರ್ಷ ಅವನ ಜೊತೆ ದುಡಿದವನು. ನಾನು ಎಳೆದ ಗೆರೆ ಮೂವತ್ತೆರಡು ಎಂದ ಏಕನಾಥ. ಹದಿನೈದು ವರ್ಷದಲ್ಲಿ ಒಬ್ಬರ ಮನೆಯಲ್ಲೂ ಈ ಮಾತು ಕೇಳಿರಲಿಲ್ಲ, ಕುಡಿದು ಬಂದಿದ್ದೆಯಾ, ನಾಳೆಯಿಂದ ಬರಬೇಡ ಎಂದ. ಬಾಳಕೃಷ್ಣ ನೆಲದ ಮೇಲೆ ಕೂತು, ಕರಣೆ, ಸುತ್ತಿಗೆ, ರಸಮಟ್ಟ ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಹಾಕುವ ಮುನ್ನ ಒಂದೊಂದನ್ನೂ ಒರೆಸಿದ.

ತ್ರಿವೇಣಿ ಗಂಡನನ್ನು ನೋಡಿದಳು. ಕಲ್ಲು ಕಂಡ ಕ್ಷಣದಲ್ಲೇ ಅವಳಿಗೆ ಎಲ್ಲ ತಿಳಿದುಹೋಗಿತ್ತು.

ಹೊಳಬಸಪ್ಪ ಬಾಗಿಲಿನೆದುರಿನ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ. ಇನ್ನೊಂದು ನಿಮಿಷ ಹಾಗೇ ಕೂತಿದ್ದರೆ ಕಟ್ಟೆ ಅವನದಾಗುತ್ತಿತ್ತೋ ಇಲ್ಲವೋ, ಒಬ್ಬ ಬಡವನ ಕೆಲಸವಂತೂ ಹೋಗುತ್ತಿತ್ತು. ಆ ಚೀಲ ತುಂಬುವುದನ್ನು ಅವನಿಗೆ ನೋಡಲಾಗಲಿಲ್ಲ. ಎದ್ದು ಹೋಗಿ ಚೀಲಕ್ಕೆ ಕೈ ಹಾಕಿ ಸುತ್ತಿಗೆಯನ್ನು ಹೊರಗೆ ತೆಗೆದಿಟ್ಟ. ಮೊದಲು ಮರಾಠಿಯಲ್ಲಿ ಮೇಸ್ತ್ರಿಗೆ ಹೇಳಿದ: ಗೆರೆ ನಾನು ಅಳಿಸಿದೆ, ನಾನು ಎಳೆದೆ, ಇವನ ತಪ್ಪಿಲ್ಲ. ಆಮೇಲೆ ಅಕ್ಕನ ಕಡೆ ತಿರುಗಿದ.

"ಈ ಮನ್ಯಾಗ ಅಡಿಗಿ ಮಾಡಾಂವ ನಾನು. ಇಪ್ಪತ್ತಾರು ವರ್ಷ ಆತು. ನೀ ಉಂಡ ರೊಟ್ಟಿ ಎಲ್ಲಾ ನಾ ಬಡದದ್ದು."

ಶಿವಗಂಗವ್ವ ಮೊದಲು ನಕ್ಕಳು. ಒಬ್ಬ ಆಳನ್ನು ಉಳಿಸಲು ಹೀಗೂ ಸುಳ್ಳು ಹೇಳುತ್ತಾರೆಯೇ ಎಂಬ ನಗು. ತ್ರಿವೇಣಿಯ ಮುಖ ನೋಡಿದ ಮೇಲೆ ಆ ನಗು ನಿಂತಿತು.

"ಹೌದ್ರಿ ಅಕ್ಕಾರ" ಅಂದಳು ತ್ರಿವೇಣಿ. "ನನಗ ರೊಟ್ಟಿ ಬಡ್ಯಾಕ ಬರಂಗಿಲ್ಲ."

ತಮ್ಮನು ಒಲೆಯ ಮುಂದೆ ನಿಂತ ಅವಮಾನಕ್ಕೆ ಅಕ್ಕ ಕಿರಿಚಾಡುತ್ತಾಳೆ, ಮರ್ಯಾದೆ ಹೋಯಿತು ಎಂದು ಹಣೆ ಬಡಿದುಕೊಳ್ಳುತ್ತಾಳೆ ಎಂದು ಹೊಳಬಸಪ್ಪ ಕಾಯುತ್ತಿದ್ದ. ಅದಕ್ಕೆಲ್ಲ ಅವನ ಹತ್ತಿರ ಉತ್ತರ ತಯಾರಿತ್ತು, ಇಪ್ಪತ್ತಾರು ವರ್ಷದಿಂದ ತಯಾರಿತ್ತು. ಶಿವಗಂಗವ್ವ ಕೇಳಿದ್ದು ಬೇರೆ.

"ಅವ್ವ ಸಾಯೂಮುಂದ ಇಕಿ ಕೈ ಹಿಡಕೊಂಡು ಅತ್ತಳು. ನೀ ಬಾಗಿಲದಾಗ ನಿಂತಿದ್ದಿ. ಆವಾಗರ ಹೇಳಬಾರದಿತ್ತೇನೋ ತಮ್ಮಾ? ಮಗನ ಕೈ ರೊಟ್ಟಿ ಉಣ್ಣಾಕತ್ತೇನಿ ಅಂತ ಗೊತ್ತಿಲ್ಲದ ಹೋತಲ್ಲೋ ಅಕಿ."

ಮೇಸ್ತ್ರಿಯ ಮೇಲೆ, ಹೆಂಡತಿಯ ಮೇಲೆ, ಅಕ್ಕನ ಮೇಲೆ, ಓಣಿಯ ಮೇಲೆ ಇಷ್ಟು ದಿನ ಹರಿಹಾಯ್ದ ಸಿಟ್ಟು ಈಗ ತಿರುಗಿ ಬಂದು ಅವನ ಎದೆಯಲ್ಲೇ ಕೂತಿತು. ಸತ್ತ ತಾಯಿಯ ಮೇಲೂ ಅವನಿಗೆ ಸಿಟ್ಟು ಬಂತು. ಎಂದೋ ಒಂದು ಮಧ್ಯಾಹ್ನ ಅವಳು ಸಿದ್ದಾರೂಢನ ಮಾತೆತ್ತಿ ಹಾಗೆ ನಗದಿದ್ದರೆ ಏನಾಗುತ್ತಿತ್ತು. ನಕ್ಕರೂ ತಾನು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು.

ಏಕನಾಥನಿಗೆ ಮಾತು ತಿಳಿಯದಿದ್ದರೂ ಸಂಗತಿ ತಿಳಿದಿತ್ತು. ಅವನು ಈ ಸಲ ನಗಲಿಲ್ಲ. ಹೊಳಬಸಪ್ಪನನ್ನು ಗೋಡೆಗೆ ಆನಿಸಿ ನಿಲ್ಲಿಸಿ ಮೊಣಕೈ ಮಡಚಲು ಹೇಳಿದ. ನಲವತ್ತಮೂರು ಬಂತು. ಐದು ಕಳೆದ. ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಚೀಟಿಯಲ್ಲಿದ್ದ ಹಳೆಯ ಅಂಕಿ ಹೊಡೆದುಹಾಕಿ ಹೊಸದನ್ನು ಬರೆದ, ಬಾಳಕೃಷ್ಣನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಬಾಳಕೃಷ್ಣ ಆ ಕೈಯನ್ನು ಕೊಡವಿ ಹಾಕಿದ. ಅವನ ಸಿಟ್ಟೂ ನ್ಯಾಯವಾದದ್ದೇ. ಹೊಳಬಸಪ್ಪ ಅವನಿಗೆ ಕೈ ಮುಗಿದಾಗ ಅವನು ಹಣೆ ಗಂಟಿಕ್ಕಿಕೊಂಡೇ, ಇನ್ನೇನಾದರೂ ಗೆರೆ ಅಳಿಸುವುದಿದೆಯೇ ಎಂದು ಕೇಳಿದ. ಕಿಟಕಿ ತೆಗೆದುಕೊಡು ಎಂದ ಹೊಳಬಸಪ್ಪ. ಬಾಳಕೃಷ್ಣ ಬಣ್ಣ ಕೆರೆದು, ಉಳಿ ಸೇರಿಸಿ, ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ. ಕದ ಕಿರುಗುಟ್ಟಿ ತೆರೆಯಿತು, ಪಡಸಾಲೆಯ ಬೆಳಕು ಕರಿ ಕಲ್ಲಿನ ಮೇಲೆ ಬಿತ್ತು. ಹೊಗೆಗೆ ದಾರಿಯಾಯಿತೆಂದು, ಚಿಮಣಿಗೆ ಹೇಳಿದ್ದನ್ನು ತ್ರಿವೇಣಿ ಅಂದೇ ಫೋನು ಮಾಡಿ ಬೇಡವೆಂದಳು.

ಎರಡು ದಿನ ಶಿವಗಂಗವ್ವ ರೊಟ್ಟಿ ಮುಟ್ಟಲಿಲ್ಲ. ಅವಲಕ್ಕಿ ನೆನೆಸಿಕೊಂಡು ತಿಂದಳು, ಬಿಸ್ಕೀಟು ತಿಂದಳು, ತಮ್ಮನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಹಸಿವು ಗೆದ್ದಿತು. ಹೊಸ ಕಟ್ಟೆಯ ಮೇಲೆ ಬಡಿದ ಮೊದಲ ರೊಟ್ಟಿಯನ್ನು ಅವಳು ಪೂರ್ತಿ ತಿಂದಳು, ಇನ್ನೊಂದಕ್ಕೆ ತಾಟು ಮುಂದೆ ಮಾಡಿದಳು. ಹೊಳಬಸಪ್ಪ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದ. ಹನ್ನೆರಡು ಬಡಿದರೂ ಸೊಂಟ ಹಿಡಿಯಲಿಲ್ಲ. ಪಡಸಾಲೆಯಲ್ಲಿ ಹೋಗುತ್ತಿದ್ದ ಮೇಲಿನ ಮನೆಯ ಭಾಮಾ ಕಿಟಕಿಯಲ್ಲಿ ಅವನನ್ನು ಕಂಡು ತಡೆದು ನಿಂತಳು. ಏನು ನೋಡುತ್ತೀರಿ ಎಂದು ಅವನು ಗದರಿದ್ದಕ್ಕೆ ಏನಿಲ್ಲ ಎಂದು ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕನ ಸೊಸೆ ಶೀತಲ್ ನವಲಗುಂದದಿಂದ ಫೋನು ಮಾಡಿದಳು. ತ್ರಿವೇಣಿ ಗಂಡನ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದಳು. ಹೊಳಬಸಪ್ಪ ಒಳಗೆ ಹಂಚಿನ ಮುಂದೆ ಇದ್ದ. ಅಕ್ಕ ಕಾಲಿನ ನೋವು ಹೇಳಿದಳು, ಡಾಕ್ಟರ ವಿಷಯ ಹೇಳಿದಳು. ಊಟಕ್ಕೆ ಹೇಗೆ ಎಂದು ಸೊಸೆ ಕೇಳಿರಬೇಕು.

"ಊಟದ್ದೇನು ಚಿಂತಿಲ್ಲವಾ" ಅಂದಳು ಶಿವಗಂಗವ್ವ. "ತ್ರಿವೇಣಿ ಬಿಸಿಬಿಸಿ ರೊಟ್ಟಿ ಬಡದ ಹಾಕ್ತಾಳ."

ಒಳಗೆ ಬಡಿಯುವ ಸದ್ದು ನಿಂತಿತು. ಹೊಳಬಸಪ್ಪ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅಕ್ಕನ ಕಿವಿಯಿಂದ ಫೋನು ಕಿತ್ತುಕೊಂಡ. ಅವನ ಕಣ್ಣು ಕೆಂಪಾಗಿತ್ತು. ಇನ್ನೊಂದು ಇಪ್ಪತ್ತಾರು ವರ್ಷ ಅವನಲ್ಲಿ ಉಳಿದಿರಲಿಲ್ಲ.

"ಶೀತಲ್, ನಾ ಮಾತಾಡೂದು, ಹೊಳಬಸಪ್ಪ. ತ್ರಿವೇಣಿ ರೊಟ್ಟಿ ಬಡ್ಯಂಗಿಲ್ಲ. ನಾ ಬಡೀತೀನಿ. ಮೊದಲಿಂದನೂ ನಾನ. ಊರಾಗ ಯಾರಿಗೆ ಬೇಕೋ ಅವರಿಗೆ ಹೇಳು."

ನಗುತ್ತಾಳೆ ಎಂದುಕೊಂಡ. ನಗಲಿ, ಇಡೀ ಓಣಿ ಸೇರಿ ನಗಲಿ ಎಂದು ಹಲ್ಲು ಕಚ್ಚಿ ಕಾದ.

"ಮಾವಾರ" ಅಂದಳು ಶೀತಲ್. "ಎಸರಿಗೆ ನೀರು ಎಷ್ಟು ಇಡ್ತೀರಿ? ನನ್ನವು ಅಂಚಿಗೆ ಸೀಳತಾವ."

ಈ ಪ್ರಶ್ನೆಯನ್ನು ಎಷ್ಟೋ ಹೆಂಗಸರು ಅವನ ಕಣ್ಣೆದುರಿಗೇ ತ್ರಿವೇಣಿಯನ್ನು ಕೇಳಿದ್ದರು. ಅವಳು ಏನೋ ಒಂದು ಹೇಳಿ ಜಾರಿಕೊಳ್ಳುವುದನ್ನು ಅವನು ಪೇಪರಿನ ಹಿಂದೆ ಕೂತು ಕೇಳಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. ಅಕ್ಕ ಬೇರೆ ಕಡೆ ನೋಡುತ್ತಿದ್ದಳು. ತ್ರಿವೇಣಿ ಪೇಪರು ಕೆಳಗಿಟ್ಟಿದ್ದಳು.

"ನೀರಿಂದ ಸೀಳಂಗಿಲ್ಲ ಅದು" ಎಂದು ಅವನು ಸಿಡುಕಿನಿಂದಲೇ ಹೇಳಿದ. "ನೀ ನಾದೂದು ಸಾಲಂಗಿಲ್ಲ. ಪೆನ್ನ ತಗೋ, ಬರಕೋ."

ಅಡುಗೆಮನೆಯಿಂದ ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅವನು ಹೇಳುತ್ತಲೇ ಇದ್ದ.